ಗೇರ್ ಬಾಕ್ಸಿನೊಳಗಿನ ಮರದ ಹೊಟ್ಟು

ಹಳೆಯ ಗೇರ್ ಎಣ್ಣೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಗೇರಮ್ಮನಿಗೆ ಆ ನಾತದ ಮೇಲೆ ಯಾವ ತಕರಾರೂ ಇರಲಿಲ್ಲ. ಮದುವೆಯ ದಿನವೂ ಅವಳ ಉಗುರಿನ ಸಂದಿಯಲ್ಲಿ ಅದೇ ವಾಸನೆ ಇತ್ತೆಂದು ಅವಳ ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ. ಆದರೆ ಆ ಬೆಳಿಗ್ಗೆ ಅಪ್ಪನ ಕಾರಿನ ಗೇರ್ ಬಾಕ್ಸಿನ ತಳದ ಬೋಲ್ಟ್ ಬಿಚ್ಚಿ ತಟ್ಟೆ ಹಿಡಿದಾಗ ಇಳಿದದ್ದು ಎಣ್ಣೆಯಲ್ಲ. ಕಪ್ಪಗೆ, ಮಂದವಾಗಿ, ಕೆಸರಿನಂಥದ್ದೊಂದು ಮುದ್ದೆಮುದ್ದೆಯಾಗಿ ಜಾರಿ ತಟ್ಟೆಗೆ ಬಿತ್ತು. ಅವಳು ಎರಡು ಬೆರಳಿನ ನಡುವೆ ಅದನ್ನು ಉಜ್ಜಿದಳು. ನಾರುನಾರಾಗಿ ಸಿಕ್ಕಿತು. ಮೂಗಿನ ಹತ್ತಿರ ತಂದು ನೋಡಿದಳು. ಮರದ ಹೊಟ್ಟು.

"ಥೂ!" ಎಂದು ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಸಾಲದೆಂದು ಮತ್ತೊಮ್ಮೆ ಒರೆಸಿಕೊಂಡಳು.

ಈ ಕಸುಬಿನವರಲ್ಲದವರಿಗೆ ಇದರಲ್ಲಿ ಉಗಿಯುವಂಥದ್ದೇನಿದೆ ಎಂದು ಗೊತ್ತಾಗದು. ಗೇರಿನ ಹಲ್ಲು ಸವೆದರೆ ಗಾಡಿ ಓಡುವಾಗ ಊಳಿಡುತ್ತದೆ. ಆಗ ಕೆಲವು ಕಳ್ಳ ದಲ್ಲಾಳಿಗಳು ಎಣ್ಣೆಗೆ ಒಂದಷ್ಟು ಮರದ ಹೊಟ್ಟು ಬೆರೆಸುತ್ತಾರೆ. ಹೊಟ್ಟು ಹಲ್ಲುಗಳ ನಡುವೆ ಮೆತ್ತೆಯ ಹಾಗೆ ಕೂತು ಸದ್ದು ಅಡಗಿಸುತ್ತದೆ. ಕಾರು ಬೆಣ್ಣೆಯ ಹಾಗೆ ಹೋಗುತ್ತದೆ ಎಂದು ಕೊಂಡವನು ಹಿಗ್ಗುತ್ತಾನೆ. ಸ್ವಲ್ಪ ದಿನಕ್ಕೆ ಆ ಹೊಟ್ಟು ಎಣ್ಣೆಯ ದಾರಿಗಳನ್ನೆಲ್ಲ ಮುಚ್ಚಿ, ಬೇರಿಂಗುಗಳು ಒಣಗಿ, ಬಾಕ್ಸ್ ಕೆಟ್ಟು ಕೂರುತ್ತದೆ. ಗೇರಮ್ಮ ಬೇಕಾದಷ್ಟು ಹೊಲಸು ರಿಪೇರಿಗಳನ್ನು ಕಂಡಿದ್ದಳು. ಮುರಿದಲ್ಲಿ ತಂತಿ ಸುತ್ತಿದ ಗೇರು ಸರಿಸುವ ಫೋರ್ಕು, ತಗಡಿನ ಡಬ್ಬಿ ಕತ್ತರಿಸಿ ಮಾಡಿದ ವಾಷರ್, ಸಾಬೂನು ಮೆತ್ತಿ ಮುಚ್ಚಿದ ಬಿರುಕು, ಎಲ್ಲವನ್ನೂ ಮೂಗು ಮುರಿದು ಸಹಿಸಿಕೊಂಡಿದ್ದಳು. ಹೊಟ್ಟನ್ನು ಮಾತ್ರ ಅವಳು ಸಹಿಸಿದವಳಲ್ಲ. "ಅವನು ಹೊಟ್ಟು ಹಾಕೋ ಜಾತಿ" ಎನ್ನುವುದು ಅವಳು ಗಾಡಿ ರಿಪೇರಿ ಮಾಡುವ ಶೆಡ್ಡಿನ ಅತಿ ಕೆಟ್ಟ ಬೈಗುಳ. ಅದನ್ನು ಅವಳಿಗೆ ಕಲಿಸಿದವನು ಅಪ್ಪನೇ.

ಕಾರಿನ ಕಥೆಯನ್ನೂ ಹೇಳಿಬಿಡಬೇಕು. ಇಬ್ಬರು ಮಾತ್ರ ಕೂರಬಹುದಾದ, ಮೇಲ್ಛಾವಣಿಯಿಲ್ಲದ, ಮೂತಿ ಉದ್ದನೆಯ ಹಳೆಯ ಸ್ಪೋರ್ಟ್ಸ್ ಕಾರು. ಗೇರಮ್ಮ ಹುಟ್ಟುವುದಕ್ಕೆ ಮೊದಲು ಅಪ್ಪ ಅದರಲ್ಲಿ ಊರಾಚೆಯ ಗುಡ್ಡದ ರೇಸು ಗೆದ್ದಿದ್ದ. ಅದೂ ಎಂಥ ಗೆಲುವು! ಕಂಪನಿಯಿಂದ ಬಂದ ಹಾಗೆಯೇ ಇರುವ, ಒಂದು ತಿರುಪನ್ನೂ ಬದಲಿಸದ ಕಾರುಗಳಿಗೆ ಮಾತ್ರ ಇದ್ದ ಪಂದ್ಯ ಅದು. ಯಂತ್ರದ ಜಾದೂ ಇಲ್ಲ, ಬರೀ ಕೈಯ ತಾಕತ್ತು. ಆ ಗೆಲುವಿನ ಮೇಲೆ ಈ ಶೆಡ್ಡು ಎದ್ದಿತು, ಮೇಲೆ ಮನೆ ಎದ್ದಿತು, ಊರೆಲ್ಲ ಅಪ್ಪನನ್ನು ಮೇಸ್ತ್ರಿ ಎಂದು ಕರೆಯಿತು. ಬಾಗಿಲ ಮೇಲೆ ಅಪ್ಪ ಬರೆಸಿದ ಬೋರ್ಡು ಇನ್ನೂ ಇದೆ: ಇಲ್ಲಿ ಕಂಪನಿಯ ಬಿಡಿಭಾಗ ಬಿಟ್ಟು ಬೇರೆ ಹಾಕುವುದಿಲ್ಲ. ಅದಕ್ಕೆ ಕಟ್ಟುಬಿದ್ದು ಗೇರಮ್ಮ ಎಷ್ಟು ಗಿರಾಕಿಗಳನ್ನು ಕೈಮುಗಿದು ವಾಪಸ್ಸು ಕಳಿಸಿದ್ದಾಳೋ ಲೆಕ್ಕವಿಲ್ಲ.

ಈಗ ಮೋಟಾರು ಕ್ಲಬ್ಬಿನವರಿಗೆ ಇದ್ದಕ್ಕಿದ್ದಂತೆ ಮೇಸ್ತ್ರಿಯ ನೆನಪಾಗಿತ್ತು. ಬರುವ ಭಾನುವಾರ ಅದೇ ಗುಡ್ಡದ ಮೇಲೆ ಸನ್ಮಾನ. ಅದೇ ಕಾರು, ಅದೇ ರಸ್ತೆ. ಅಪ್ಪನ ಮಂಡಿಗಳು ಕೈಕೊಟ್ಟಿದ್ದರಿಂದ ಗೇರಮ್ಮ ಓಡಿಸುವುದು, ಅಪ್ಪ ಪಕ್ಕದಲ್ಲಿ ಕೂರುವುದು. ಅವತ್ತು ಎರಡನೆಯವರಾಗಿ ಬಂದ ಹಲ್ಲು ಮಾವ ಗೆದ್ದವನ ಬಗ್ಗೆ ನಾಲ್ಕು ಮಾತಾಡುವುದು.

ಹಲ್ಲು ಮಾವ ಎಂದರೆ ದಂತವೈದ್ಯರಲ್ಲ. ಹಿಂದಿನ ಬೀದಿಯಲ್ಲಿ ಅವರದೊಂದು ಮಿಲ್ಲಿಂಗ್ ಮಿಷನ್ನಿದೆ. ಪಂಪಿಗೆ, ಗಾಣಕ್ಕೆ, ಲೇತಿಗೆ, ಯಾವ ಯಂತ್ರದ ಚಕ್ರ ಬೇಕಾದರೂ ಹಲ್ಲು ಕತ್ತರಿಸಿ ಕೊಡುತ್ತಾರೆ. ಮೇಸ್ತ್ರಿಯ ಜೀವದ ಗೆಳೆಯ. ರೇಸಿನ ದಿನ ಅವರದೂ ಅಂಥದ್ದೇ ಕಾರು, ಅದೇ ವರ್ಷದ್ದು. ನೀರಿನ ಟ್ಯಾಂಕಿನ ಕೆಳಗಿನ ತಿರುವಿನವರೆಗೆ ಅವರೇ ಮುಂದಿದ್ದರು. ಅಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಅವರ ಕಾರು ಒಂದು ಉಸಿರು ಹಿಡಿಯಿತು, ಮೇಸ್ತ್ರಿಯ ಕಾರು ಹಿಡಿಯಲಿಲ್ಲ. "ಗಾಡಿ ಒಂದೇ, ಎಂಜಿನ್ ಒಂದೇ, ಗೇರ್ ಒಂದೇ. ಹಾಗಾದ್ರೆ ಸೋತಿದ್ದು ಯಾವುದು? ನನ್ನ ಕೈ ತಾನೇ?" ಎಂದು ಮಾವ ನಗುನಗುತ್ತಲೇ ಹೇಳುತ್ತಿದ್ದರು. ನಗುತ್ತಲೇ ಕಾರು ಮಾರಿದರು. ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ, ಎಲ್ಲಿಗೆ ಹೋದರೂ ಬಸ್ಸು. ಅವರ ಹೆಂಡತಿ ಅತ್ತೆಗೆ ಪಾರ್ಶ್ವವಾಯು ಹೊಡೆದ ದಿನ ಪಕ್ಕದ ಮನೆಯವರ ಕಾರು ಬಾಗಿಲಲ್ಲೇ ಇತ್ತು, ಕೀಲಿಯನ್ನು ಅವರ ಕೈಗೇ ಕೊಟ್ಟಿದ್ದರು. ಮಾವ ಓಡಿಸಲಿಲ್ಲ. ಈ ಕೈಯನ್ನು ನಂಬಿ ಹೆಂಡತಿಯ ಜೀವ ಪಣಕ್ಕಿಡಲಾರೆ ಎಂದು ಆಂಬುಲೆನ್ಸಿಗೆ ಕಾದರು. ಅದು ಬರುವ ಹೊತ್ತಿಗೆ ಬರಬೇಕಾದ ಹೊತ್ತು ಮೀರಿತ್ತು. ಅತ್ತೆ ಉಳಿದರು, ಆದರೆ ಅರ್ಧ ಮೈ ಬಿದ್ದುಹೋಯಿತು. ಮಾತೂ ಹೋಯಿತು.

ಇಷ್ಟೆಲ್ಲ ಗೊತ್ತಿದ್ದ ಗೇರಮ್ಮ ಈಗ ಅಪ್ಪನ ಕಾರಿನ ಹೊಟ್ಟೆಯಿಂದ ಇಳಿದ ಹೊಲಸನ್ನು ನೋಡುತ್ತ ಕೂತಿದ್ದಳು.

"ಬಾಕ್ಸ್ ಬಿಚ್ಚಬೇಡ, ಎಣ್ಣೆ ನೋಡಿ ಬಿಟ್ಟುಬಿಡು" ಎಂದು ಅಪ್ಪ ಮಹಡಿಯಿಂದ ಮತ್ತೆ ಮತ್ತೆ ಕೂಗಿ ಹೇಳಿದ್ದ. ಮುದುಕನಿಗೆ ಹಳೇ ಕಾರಿನ ಮೇಲೆ ಅಕ್ಕರೆ ಎಂದುಕೊಂಡಿದ್ದಳು. ಆದರೆ ಮೂರನೇ ಗೇರು ಹಾಕಿದರೆ ನಿಲ್ಲುತ್ತಿರಲಿಲ್ಲ, ಲಿವರು ತಾನಾಗಿಯೇ ಹಾರಿ ನ್ಯೂಟ್ರಲಿಗೆ ಬರುತ್ತಿತ್ತು. ಅಂಥ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಗುಡ್ಡ ಹತ್ತುವ ಹುಚ್ಚು ಅವಳಿಗಿರಲಿಲ್ಲ. ಬಾಕ್ಸನ್ನು ಇಳಿಸಿ ಬೆಂಚಿನ ಮೇಲಿಟ್ಟಳು, ಸೀಮೆಎಣ್ಣೆಯಲ್ಲಿ ತೊಳೆದಳು, ಮುಚ್ಚಳ ತೆಗೆದಳು. ಹೊಟ್ಟು ಎಲ್ಲೆಲ್ಲಿಯೂ ಮೆತ್ತಿಕೊಂಡಿತ್ತು. ಚಮಚದಿಂದ ಕೆರೆದು ತೆಗೆಯಬೇಕಾಯಿತು. ನಡುವೆ ಒಮ್ಮೆ ಬಾಗಿಲಿಗೆ ಹೋಗಿ ನಿಂತು ಬಂದಳು.

ಕೊಳೆ ಹೋದ ಮೇಲೆ ಒಳಗಿನ ಭಾಗಗಳು ಕಂಡವು. ಅವು ಅವಳಿಗೆ ಗುರುತು ಹತ್ತಲಿಲ್ಲ.

ಈ ಮಾದರಿಯ ಕಾರುಗಳ ಬಾಕ್ಸುಗಳನ್ನು ಅವಳು ಕಣ್ಣುಮುಚ್ಚಿ ಜೋಡಿಸಬಲ್ಲಳು. ಕೆಳಗಿನ ಶಾಫ್ಟಿನ ಮೇಲೆ ಕಂಪನಿಯವರು ಒಂದೇ ಉಕ್ಕಿನ ಗಟ್ಟಿಯಿಂದ ಎಲ್ಲ ಗೇರುಗಳನ್ನೂ ಒಟ್ಟಿಗೆ ಕಡೆದಿರುತ್ತಾರೆ. ಇಲ್ಲಿ ಎರಡನೆಯದು, ಮೂರನೆಯದು ಬೇರೆ ಬೇರೆ ಚಕ್ರಗಳು. ಮೂಲ ಗೇರುಗಳನ್ನು ಕಡೆದು ಹಾಕಿ, ಆ ಜಾಗಕ್ಕೆ ಇವನ್ನು ಒತ್ತಿ ಕೂರಿಸಿ, ತಿರುಗದಂತೆ ಚಾವಿ ಎನ್ನುವ ಒಂದು ಉಕ್ಕಿನ ಬೆಣೆ ಬಡಿದಿದ್ದರು. ಆ ಚಾವಿ ಸವೆದು ಸಡಿಲವಾಗಿತ್ತು, ಮೂರನೇ ಗೇರು ಹಾರುತ್ತಿದ್ದುದು ಅದಕ್ಕೇ. ಮೇಲಿನ ಶಾಫ್ಟಿನಲ್ಲಿ ಇವಕ್ಕೆ ಜೋಡಿಯಾಗುವ ಚಕ್ರಗಳೂ ಪರಕೀಯವೇ. ಕಂಪನಿಯ ಮುದ್ರೆ ಎಲ್ಲೂ ಇರಲಿಲ್ಲ. ಕಂಪನಿಯ ಗೇರಿಗೆ ಓರೆ ಹಲ್ಲು, ಸದ್ದಿಲ್ಲದೆ ತಿರುಗಲಿ ಎಂದು. ಇವಕ್ಕೆ ನೇರ ಹಲ್ಲು. ನೇರ ಹಲ್ಲು ಗಟ್ಟಿ, ಬೇಗ ಮಾಡಬಹುದು, ಆದರೆ ತಿರುಗಿದರೆ ಕಿರುಚುತ್ತದೆ. ರೇಸಿನವರು ಬಿಟ್ಟರೆ ಯಾರೂ ಹಾಕಿಸುವುದಿಲ್ಲ.

ಯಾರೋ ಮಧ್ಯದಲ್ಲಿ ಕೈಯಾಡಿಸಿದ್ದಾರೆ ಎಂದು ಮೊದಲು ಅಂದುಕೊಂಡಳು. ಆದರೆ ಎಂದಾದರೊಮ್ಮೆ ಮಾತ್ರ ರಸ್ತೆಗಿಳಿಯುತ್ತಿದ್ದ ಈ ಕಾರಿಗೆ ಅಪ್ಪನನ್ನು ಬಿಟ್ಟು ಬೇರೆಯವರ ಕೈ ತಗುಲಿದ್ದೇ ಇಲ್ಲ. ಹಲ್ಲುಗಳನ್ನು ಎಣಿಸಿದಳು. ಲೆಕ್ಕ ಹಾಕಿದಳು. ಎರಡನೇ ಗೇರಿಗೂ ಮೂರನೆಯದಕ್ಕೂ ಕಂಪನಿ ಇಟ್ಟಿದ್ದ ಅಂತರವನ್ನು ಯಾರೋ ಅರ್ಧಕ್ಕರ್ಧ ಕಡಿಮೆ ಮಾಡಿದ್ದರು. ಹಾಗೆ ಮಾಡಿದರೆ ಏರಿನಲ್ಲಿ ಗೇರು ಬದಲಿಸುವಾಗ ಎಂಜಿನ್ನು ಉಸಿರು ಕಳೆದುಕೊಳ್ಳುವುದಿಲ್ಲ. ನೀರಿನ ಟ್ಯಾಂಕಿನ ಕೆಳಗಿನ ತಿರುವಿನಲ್ಲಂತೂ ಕಳೆದುಕೊಳ್ಳುವುದೇ ಇಲ್ಲ. ರೇಸಿನ ಮೊದಲು ತಪಾಸಣೆಯವರು ಕಾರನ್ನು ನಿಧಾನ ಓಡಿಸಿ ಕಿವಿಗೊಡುತ್ತಾರೆ. ಅದಕ್ಕೆ ಹೊಟ್ಟು. ರೇಸು ಶುರುವಾದ ಮೇಲೆ ಎಂಜಿನ್ನಿನ ಅಬ್ಬರದಲ್ಲಿ ಗೇರಿನ ಸದ್ದು ಯಾರಿಗೆ ಕೇಳುತ್ತದೆ?

ಚಿಕ್ಕವಳಿದ್ದಾಗ ಈ ಕಾರಿನಲ್ಲಿ ಕೂತು ಅಪ್ಪನ ಕೈಚಳಕಕ್ಕೆ ಕಾರು ಬೆಕ್ಕಿನ ಹಾಗೆ ಹೋಗುತ್ತದೆ ಎಂದು ಎಲ್ಲರೆದುರು ಜಂಬ ಕೊಚ್ಚಿದ್ದು ಅವಳಿಗೆ ನೆನಪಾಯಿತು. ಮೈಯೆಲ್ಲ ಪರಚಿಕೊಳ್ಳಬೇಕು ಅನ್ನಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೂರನೇ ಗೇರನ್ನು ಬೆಳಕಿಗೆ ಹಿಡಿದಾಗ ಪ್ರತಿ ಹಲ್ಲಿನ ಅಂಚೂ ಅರದಿಂದ ನವಿರಾಗಿ ಉಜ್ಜಿದ್ದು ಕಂಡಿತು, ಕೂರಿಸುವವನ ಬೆರಳು ಕೊಯ್ಯದಿರಲಿ ಎಂದು. ಒಂದು ಹಲ್ಲಿನ ಬುಡದಲ್ಲಿ ಪಂಚಿನಿಂದ ಹೊಡೆದ ಸಣ್ಣ ಚುಕ್ಕಿ. ಎಣಿಕೆ ಇಲ್ಲಿಂದ ಶುರು ಎನ್ನುವ ಗುರುತು. ಇಷ್ಟು ತಾಳ್ಮೆ ಇರುವ ಕೈ ಈ ಊರಲ್ಲಿ ಒಂದೇ. ಗೇರಮ್ಮ ಆ ಗೇರನ್ನು ತಟ್ಟೆಯಲ್ಲಿಟ್ಟುಕೊಂಡು ಮಹಡಿ ಹತ್ತಿದಳು.

ಅಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಅರೆಬೆಂದ ಮೊಟ್ಟೆ ತಿನ್ನುತ್ತಿದ್ದ. ಹಳದಿ ಗದ್ದದ ಮೇಲೆ ಇಳಿದು ಒಣಗುತ್ತಿತ್ತು. ಅಮ್ಮ ಎದುರಿಗೆ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅಪ್ಪ ತಟ್ಟೆಯನ್ನು ನೋಡಿದ, ಮೊಟ್ಟೆ ತಿನ್ನುವುದನ್ನು ನಿಲ್ಲಿಸಲಿಲ್ಲ.

"ಬಿಚ್ಚಬೇಡ ಅಂದಿದ್ದೆ."

"ಬಿಚ್ಚಿದೆ. ಹೊಟ್ಟು ಯಾರು ಹಾಕಿದ್ದು ಅಪ್ಪಾ?"

"ಯಾರು ಹಾಕ್ತಾರೆ? ನಾನೇ. ಸದ್ದು ಬರ್ತಿತ್ತಲ್ಲ. ಆ ತಪಾಸಣೆಯವನ ಕಿವಿ ನಾಯಿ ಕಿವಿ."

ಅಮ್ಮನ ಕೈ ನಿಂತಿತು. "ಇರಿ ಇರಿ. ಅವತ್ತು ನನ್ನ ಹಿಟ್ಟಿನ ಜರಡಿ ತಗೊಂಡು ಶೆಡ್ಡಿಗೆ ಹೋಗಿದ್ದು ಇದಕ್ಕಾ? ಅದೇ ಜರಡೀಲಿ ನಾನು ಎಷ್ಟು ವರ್ಷ ಹಿಟ್ಟು ಜರಡಿ ಹಿಡಿದು ನಿಮಗೆಲ್ಲ ಹಾಕಿದ್ದೀನಿ!"

"ತೊಳೆದೇ ಕೊಟ್ಟಿದ್ನಲ್ಲೇ."

ಗೇರಮ್ಮ ಗೇರನ್ನು ಅಪ್ಪನ ಮೂಗಿನ ಕೆಳಗೆ ಹಿಡಿದಳು. "ಇದು ಹಲ್ಲು ಮಾವನ ಕೆಲಸ. ಅವರಿಗೂ ಗೊತ್ತಿತ್ತಾ?"

ಇದನ್ನು ಕೇಳಿ ಅಪ್ಪ ನಕ್ಕ. ಭುಜ ಕುಣಿಸಿಕೊಂಡು, ಬಾಯಿಯಲ್ಲಿದ್ದ ಮೊಟ್ಟೆ ಕಾಣುವ ಹಾಗೆ ನಕ್ಕ. "ಅವನಿಗಾ? ಎಣ್ಣೆ ಗಾಣಕ್ಕೆ ಬೇಕು ಅಂತ ಕತ್ತರಿಸ್ಕೊಂಡು ಬಂದೆ. ಅನುಮಾನ ಬರಬಾರದು ಅಂತ ನಡುವಿನ ತೂತು ಚಿಕ್ಕದು ಹೇಳಿ, ಆಮೇಲೆ ನಾನೇ ಕೊರೆದು ದೊಡ್ಡದು ಮಾಡ್ಕೊಂಡೆ. ಬೇರೆ ಯಾರ ಹತ್ರ ಹೋಗ್ಲಿ, ಅವನಷ್ಟು ನೀಟಾಗಿ ಯಾರು ಮಾಡ್ತಾರೆ? ಅವನ ಹಲ್ಲಿನಿಂದಲೇ ಅವನನ್ನ ಸೋಲಿಸಿದೆ. ಇದನ್ನ ಯಾರಿಗೂ ಹೇಳೋಕಾಗದೆ ಇಷ್ಟು ವರ್ಷ ನನ್ನ ಹೊಟ್ಟೆ ಉಬ್ಬಿಹೋಗಿತ್ತು ನೋಡು."

ಗೇರಮ್ಮ ಅಪ್ಪನ ಕಣ್ಣಿನಲ್ಲಿ ನಾಚಿಕೆ ಹುಡುಕಿದಳು. ಭಯವನ್ನಾದರೂ ಹುಡುಕಿದಳು. ಅಲ್ಲಿದ್ದದ್ದು ಒಳ್ಳೆಯ ಜೋಕು ಹೇಳಿ ಮುಗಿಸಿದವನ ತೃಪ್ತಿ. ಕಳ್ಳತನವನ್ನು ಕ್ಷಮಿಸಬಹುದಿತ್ತೇನೋ, ಈ ನಗುವನ್ನು ಮಾತ್ರ ಆಗಲಿಲ್ಲ.

"ಅತ್ತೆ ಬಿದ್ದ ದಿನ ಮಾವ ಕಾರು ಯಾಕೆ ಓಡಿಸಲಿಲ್ಲ ಅಂತ ಗೊತ್ತಾ ನಿನಗೆ?"

"ಅವನು ಪುಕ್ಕಲ. ಅದಕ್ಕೆ ನಾನೇನು ಮಾಡ್ಲಿ?" ಅಪ್ಪ ಗದ್ದ ಒರೆಸಿಕೊಂಡ. "ಈಗ ಹಳೇದೆಲ್ಲ ಕೆದಕಬೇಡ. ಚಾವಿ ಹೊಸದು ಮಾಡಿ ಹಾಕು. ಎಣ್ಣೆಗೆ ಮತ್ತೆ ಹೊಟ್ಟು ಬೆರೆಸು. ಸಣ್ಣಗೆ ಜರಡಿ ಹಿಡಿ, ದಪ್ಪ ಇದ್ರೆ ಕಚ್ಚಿಕೊಳ್ಳುತ್ತೆ."

"ನನ್ನ ಜರಡಿ ಮುಟ್ಟಿದ್ರೆ ನೋಡು" ಎಂದಳು ಅಮ್ಮ. ಆಮೇಲೆ ಅಮ್ಮ ಅವತ್ತೆಲ್ಲ ಅಪ್ಪನ ಜೊತೆ ಮಾತಾಡಲಿಲ್ಲ. ಆದರೆ ಅದು ಜರಡಿಗಾಗಿಯೋ ರೇಸಿಗಾಗಿಯೋ ಗೇರಮ್ಮನಿಗೆ ತಿಳಿಯಲಿಲ್ಲ.

ಗೇರನ್ನು ಬಟ್ಟೆಯಲ್ಲಿ ಸುತ್ತಿ ಗೇರಮ್ಮ ಹಿಂದಿನ ಬೀದಿಗೆ ನಡೆದಳು. ಹೇಳಲೋ ಬೇಡವೋ ಎಂದು ದಾರಿಯಲ್ಲಿ ಯೋಚಿಸಿದಳು ಎಂದರೆ ಸುಳ್ಳಾಗುತ್ತದೆ. ಮಾವನಿಗೆ ಖುಷಿಯಾಗುತ್ತದೆ ಎಂದೇ ಅವಳು ಹೊರಟಿದ್ದಳು. ಸೋತೆ ಎಂದು ಜೀವಮಾನವಿಡೀ ಕೊರಗಿದವರಿಗೆ ನೀವು ಸೋತಿರಲಿಲ್ಲ ಎಂದರೆ ಇನ್ನೇನಾಗುತ್ತದೆ?

ಮಾವ ಮಿಷನ್ನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಗೇರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಗೇರನ್ನು ಕಂಡೊಡನೆ ಮುಖ ಅರಳಿತು. ಕಣ್ಣಿಗಿಂತ ಮೊದಲು ಹೆಬ್ಬೆರಳು ಚುಕ್ಕಿಯನ್ನು ಹುಡುಕಿ ಹಿಡಿದಿತ್ತು. "ಅಯ್ಯೋ, ಇದು ನಂದೇ! ಎಣ್ಣೆ ಗಾಣಕ್ಕೆ ಅಂತ ನಿಮ್ಮಪ್ಪ ಮಾಡಿಸ್ಕೊಂಡು ಹೋಗಿದ್ದ. ಆಗಿನ್ನೂ ಹೊಸ ಕಟ್ಟರ್ ತಂದಿದ್ದೆ. ಎಲ್ಲಿ ಸಿಕ್ತಮ್ಮ ಇದು?"

"ಅಪ್ಪನ ಕಾರಿನ ಬಾಕ್ಸಲ್ಲಿ, ಮಾವ. ಮೂರನೇ ಗೇರು."

ಮಾವ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. ಹಲ್ಲುಗಳನ್ನು ಎಣಿಸಿದರು. ತಾವೇ ಮಾಡಿದ್ದನ್ನು ಎಣಿಸುವ ಅಗತ್ಯ ಅವರಿಗಿರಲಿಲ್ಲ. ಮೇಜಿನ ಮೇಲಿನ ಕಬ್ಬಿಣದ ಪುಡಿಯಲ್ಲಿ ಬೆರಳಿನಿಂದ ಒಂದು ಲೆಕ್ಕ ಬರೆದು ಅದನ್ನು ಅಂಗೈಯಿಂದ ಅಳಿಸಿದರು. ಗೋಡೆಯ ಆ ಕಡೆ ಅತ್ತೆಯ ಗಾಲಿ ಕುರ್ಚಿ ಕಿರ್ರೆಂದು ಹೊರಳಿದ್ದು ಕೇಳಿಸಿತು.

"ಅವತ್ತು ಕೀಲಿ ನನ್ನ ಕೈಲೇ ಇತ್ತು ಕಣಮ್ಮ" ಎಂದರು ಮಾವ, ಸಣ್ಣ ದನಿಯಲ್ಲಿ.

"ನಿಮ್ಮ ಕೈ ಸೋತಿರಲಿಲ್ಲ ಮಾವ. ಅದನ್ನ ಹೇಳೋಕೇ ಬಂದೆ."

"ಅದೇ ನಾನೂ ಹೇಳ್ತಿರೋದು. ನನ್ನ ಕೈಲಿ ಆಗಲ್ಲ ಅಂತ ತಾನೇ ಓಡಿಸಲಿಲ್ಲ? ಅವಳೂ ಹಾಗಂತ ನಂಬ್ಕೊಂಡೇ ನನ್ನ ಕ್ಷಮಿಸಿದ್ದು. ಈಗ ನನ್ನ ಕೈ ಚೆನ್ನಾಗೇ ಇತ್ತು, ಸುಮ್ಮನೆ ನಿಂತು ನಿನ್ನನ್ನ ಹೀಗೆ ಮಾಡಿದೆ ಅಂತ ಅವಳಿಗೆ ಹೇಗಮ್ಮ ಹೇಳ್ಲಿ?" ಗೇರನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ವಾಪಸ್ಸು ಕೊಟ್ಟರು. "ತಗೊಂಡು ಹೋಗು. ಬಾಯಿ ಬಿಡಬೇಡ. ಭಾನುವಾರ ಬರ್ತೀನಿ, ಅವಳನ್ನೂ ಕರ್ಕೊಂಡು ಬರ್ತೀನಿ, ಹೇಳಿದ ಹಾಗೆ ನಾಲ್ಕು ಮಾತಾಡ್ತೀನಿ. ಆಮೇಲೆ ಇದು ಮುಗೀತು."

ಅವಳು ಹೂಂ ಎಂದಳು. ಬರುವಾಗ ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ನೆಮ್ಮದಿಯಾಗಿದ್ದವರ ಮನೆಗೆ ಕಸ ತಂದು ಸುರಿದು ಬಂದಂತೆ.

ಕೆಲಸ ಮಾಡಲೇಬೇಕಿತ್ತು. ಹೊಸ ಚಾವಿ ಕಡೆದು ಬಡಿದಳು, ಸೋತ ಸ್ಪ್ರಿಂಗು ಬದಲಿಸಿದಳು, ಫೋರ್ಕು ನೇರ ಮಾಡಿದಳು. ಮೂರನೇ ಗೇರು ಈಗ ಹಾಕಿದಲ್ಲಿ ನಿಂತಿತು. ಕೊನೆಗೆ ಎಣ್ಣೆ ಹುಯ್ಯುವ ಸರದಿ ಬಂತು. ಅಪ್ಪ ಮೇಲಿನಿಂದ "ಹಾಕಿದ್ಯಾ?" ಎಂದು ಕೂಗಿದ. ಅವಳು "ಹಾಕಿದೆ" ಎಂದಳು. ಹಾಕಿದ್ದು ಜೇನುತುಪ್ಪದ ಬಣ್ಣದ ಶುದ್ಧ ಎಣ್ಣೆ. ಹೊಟ್ಟು ಹಾಕುವ ಕೈ ತನ್ನದಾಗಬಾರದು, ಅಷ್ಟೇ ಎಂದುಕೊಂಡಳು. ಬಾಯಿ ಬಿಡಬೇಡ ಎಂದಿದ್ದರು ಮಾವ, ಗೇರಿನ ಬಾಯಿ ಮುಚ್ಚು ಎಂದಿರಲಿಲ್ಲವಲ್ಲ ಎಂದು ತನಗೆ ತಾನೇ ವಕಾಲತ್ತನ್ನೂ ಮಾಡಿಕೊಂಡಳು. ಈ ವಕಾಲತ್ತು ಎಷ್ಟು ಟೊಳ್ಳೆಂದು ಅವಳಿಗೇ ಗೊತ್ತಿತ್ತು. ರಸ್ತೆಗೆ ಬಿಟ್ಟು ನೋಡದೆ ಅವಳು ಯಾವ ಕಾರನ್ನೂ ಒಪ್ಪಿಸಿದವಳಲ್ಲ. ಇದನ್ನು ಮಾತ್ರ ಬಿಟ್ಟು ನೋಡಲಿಲ್ಲ, ಬಿಟ್ಟರೆ ಮಹಡಿಗೆ ಕೇಳುತ್ತಿತ್ತು.

ಭಾನುವಾರ ಕ್ಲಬ್ಬಿನವರು ಕಾರನ್ನು ಲಾರಿಯ ಮೇಲೆ ಗುಡ್ಡದ ಬುಡದವರೆಗೆ ಹೊತ್ತು ತಂದರು. ಅಪ್ಪ ಇಸ್ತ್ರಿ ಕೋಟು ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಮದುಮಗನ ಹಾಗೆ ಕೂತ. ಮೊದಲ ಗೇರಿನಲ್ಲಿ ಏನೂ ಆಗಲಿಲ್ಲ. ಎರಡಕ್ಕೆ ಹಾಕಿದೊಡನೆ ಕಾಲ ಕೆಳಗಿನಿಂದ ಒಂದು ಊಳು ಎದ್ದಿತು. ಮೂರಕ್ಕೆ ಹಾಕಿದಾಗ ಅದು ಕಿರುಚಾಟವಾಯಿತು. ಎಂಜಿನ್ನನ್ನು ಗೇರಮ್ಮ ಮೆಲ್ಲಗೆ ಓಡಿಸುತ್ತಿದ್ದಳು, ಹಾಗಾಗಿ ಅದನ್ನು ಮುಚ್ಚಲು ಬೇರೆ ಸದ್ದೇ ಇರಲಿಲ್ಲ.

"ಹೊಟ್ಟು ಹಾಕಿಲ್ವಾ?" ಅಪ್ಪ ಅವಳ ತೋಳು ಹಿಡಿದ.

"ಇಲ್ಲ."

"ತಿರುಗಿಸು. ಹೊಟ್ಟೆನೋವು ಅಂತೀನಿ, ತಿರುಗಿಸು ಅಂದೆ!"

ಹಿಂದೆ ಕ್ಲಬ್ಬಿನ ಕಾರುಗಳ ಸಾಲಿತ್ತು. ರಸ್ತೆಯ ಬದಿಯಲ್ಲಿ ಮೋಟುಗೋಡೆಯ ಮೇಲೆ ಹಳೆಯ ಮೆಕ್ಯಾನಿಕ್ಕುಗಳು, ಹಳೆಯ ರೇಸಿನವರು ಕೂತಿದ್ದರು. ಕೈಬೀಸಲು ಎತ್ತಿದ ಕೈಗಳು ಅರ್ಧದಲ್ಲೇ ನಿಂತವು. ಒಬ್ಬ ಮುದುಕ ಇನ್ನೊಬ್ಬನ ಮುಖ ನೋಡಿದ. ಗೇರಮ್ಮ ಎಲ್ಲವನ್ನೂ ಕಂಡಳು. ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಬಾಯಿ ಕಹಿಯಾಗಿತ್ತು.

ಗುಡ್ಡದ ಮೇಲೆ ಕುರ್ಚಿಗಳ ಸಾಲು, ಮೈಕು. ಮುಂದಿನ ಸಾಲಿನ ತುದಿಯಲ್ಲಿ ಗಾಲಿ ಕುರ್ಚಿಯಲ್ಲಿ ಅತ್ತೆ, ಅವರ ಪಕ್ಕ ಮಾವ ನಿಂತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಕಾರಿನ ಹತ್ತಿರ ಬಂದ. ಅವನ ಮುಖದಲ್ಲಿ ನಗೆ ಅರ್ಧವಿತ್ತು. "ಮೇಸ್ತ್ರಿ, ಇದೇನು ಸದ್ದು? ನೇರ ಹಲ್ಲಿನ ಸದ್ದಿದ್ದ ಹಾಗಿದೆಯಲ್ಲ?"

ಅಪ್ಪ ಕಣ್ಣು ಮಿಟುಕಿಸಲಿಲ್ಲ. "ಏನು ಹೇಳಲಿ ಸ್ವಾಮಿ, ನಮ್ಮ ಮನೆ ಕಥೆ. ಬಿಚ್ಚಬೇಡ ಬಿಚ್ಚಬೇಡ ಅಂತ ಬಡ್ಕೊಂಡೆ. ಮಗಳು ಕೇಳಬೇಕಲ್ಲ. ನನ್ನ ಕಂಪನಿ ಗೇರು ಬಿಸಾಕಿ ಯಾವುದೋ ಗುಜರಿ ಹಲ್ಲು ತಂದು ತುರುಕಿದ್ದಾಳೆ. ಅಂಥ ಬಾಕ್ಸನ್ನ ಹಾಳು ಮಾಡಿಬಿಟ್ಲು." ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿ, ಮಗಳ ಬೆನ್ನು ತಟ್ಟಿದ. "ಹೋಗಲಿ ಬಿಡಿ, ಇನ್ನೂ ಕಲೀತಿದ್ದಾಳೆ."

ಸುತ್ತ ಇದ್ದವರಲ್ಲಿ ಅರ್ಧ ಜನ ಅವಳ ಗಿರಾಕಿಗಳು. ಎಲ್ಲರೂ ಅವಳನ್ನೇ ನೋಡಿದರು. ಬಾಯಿ ಬಿಡಬೇಡ ಎಂದು ಮಾವ ಕೇಳಿಕೊಂಡಿದ್ದರು, ಅವಳು ಹೂಂ ಎಂದಿದ್ದಳು. ಬೆನ್ನ ಮೇಲೆ ಅಪ್ಪನ ಅಂಗೈ ಬಿದ್ದ ಜಾಗ ಹಲ್ಲಿ ಹರಿದ ಹಾಗೆ ಅಸಹ್ಯವಾಗುತ್ತಿತ್ತು. ಅವಳು ಸ್ಟೇರಿಂಗ್ ಹಿಡಿದುಕೊಂಡು ತಲೆ ತಗ್ಗಿಸಿ ಕೂತಳು.

"ಮೇ‌ಸ್ತ್ರಿ."

ಮಾವ ಮೈಕಿಗೆ ಹೋಗದೆ ಸೀದಾ ಕಾರಿನ ಹತ್ತಿರ ಬಂದಿದ್ದರು. ಒಮ್ಮೆ ಹಿಂತಿರುಗಿ ಅತ್ತೆಯತ್ತ ನೋಡಿದರು. ಆಮೇಲೆ ಹೇಳಿದರು. ದನಿ ಎತ್ತರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ಅದು ಗುಜರಿ ಹಲ್ಲಲ್ಲ. ನಾನು ಮಾಡಿದ್ದು. ರೇಸಿನ ವರ್ಷ ಎಣ್ಣೆ ಗಾಣಕ್ಕೆ ಬೇಕು ಅಂತ ನನ್ನ ಹತ್ರ ಮಾಡಿಸ್ಕೊಂಡು ಹೋದೆ. ಆಗ ಈ ಹುಡುಗಿ ಹುಟ್ಟೇ ಇರಲಿಲ್ಲ. ಅವಳ ಹೆಸರು ಕೆಡಿಸಬೇಡ."

ಅಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ನೇರ ಹಲ್ಲು, ರೇಸಿನ ವರ್ಷ, ಎರಡನೆಯವನು ಮಾಡಿಕೊಟ್ಟದ್ದು, ಮೊದಲನೆಯವನು ಹಾಕಿಕೊಂಡದ್ದು. ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದ. ಯಾರೋ ನೆಲಕ್ಕೆ ಉಗಿದ ಸದ್ದು ಕೇಳಿಸಿತು. ಗೇರಮ್ಮ ನೋಡುತ್ತಿದ್ದುದು ಅತ್ತೆಯನ್ನು. ಅತ್ತೆಯ ಮಾತು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ. ಅವರ ಕಣ್ಣು ಮಾವನ ಮುಖದಿಂದ ಮಾವನ ಕೈಗಳಿಗೆ ಇಳಿಯಿತು. ಆ ಎರಡು ಕೈಗಳನ್ನೇ ಬಹಳ ಹೊತ್ತು ನೋಡಿದರು. ಸ್ವಾಧೀನವಿದ್ದ ಕೈಯಿಂದ ಚಕ್ರವನ್ನು ತಳ್ಳಿ, ಕುರ್ಚಿಯನ್ನು ಮಾವನಿಗೆ ಬೆನ್ನಾಗುವಂತೆ ತಿರುಗಿಸಿಕೊಂಡರು. ಮಾವ ಹೋಗಿ ಹಿಂದೆ ನಿಂತರು. ಕುರ್ಚಿಯ ಹಿಡಿ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದರು.

"ಆಗೆಲ್ಲ ಎಲ್ಲರೂ ಮಾಡ್ತಿದ್ರು ಸ್ವಾಮಿ" ಎಂದ ಅಪ್ಪ, ಯಾರಿಗೆಂದಿಲ್ಲದೆ. ಯಾರಾದರೂ ಕಾರಿನಿಂದ ಇಳಿಸಲಿ ಎಂದು ಎರಡೂ ತೋಳುಗಳನ್ನು ಮೇಲೆತ್ತಿದ. ಯಾರೂ ಹತ್ತಿರ ಬರಲಿಲ್ಲ. ತೋಳುಗಳು ಸ್ವಲ್ಪ ಹೊತ್ತು ಹಾಗೆಯೇ ಇದ್ದವು. "ನಡಿ, ಮನೆಗೆ ಹೋಗೋಣ. ನನಗೆ ಹಸಿವಾಗ್ತಿದೆ" ಎಂದ ಮಗಳಿಗೆ.

ಹಸಿವಂತೆ! ಗೇರಮ್ಮ ಕಾರು ತಿರುಗಿಸಿದಳು. ಮೋಟುಗೋಡೆಯ ಮೇಲೆ ಕೂತವರು ಈ ಸಲ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡ ಇಳಿದ ಮೇಲೆ ಊರಿನ ಸಪಾಟು ರಸ್ತೆ. ಅಲ್ಲಿ ಟಾಪಿಗೆ, ಎಂದರೆ ನಾಲ್ಕನೇ ಗೇರಿಗೆ ಹಾಕಿದರೆ ಆ ಹಲ್ಲುಗಳ ಮೇಲಿನ ಭಾರ ಇಳಿದು ಕಿರುಚಾಟ ತಗ್ಗುತ್ತದೆ. ಕಾರು ಕಲಿತ ಯಾರಾದರೂ ಹಾಕುತ್ತಾರೆ. ಅವಳು ಹಾಕಲಿಲ್ಲ. ಅಂಗಡಿಯವರು, ಗ್ಯಾರೇಜಿನವರು, ಬಸ್ಸಿಗೆ ಕಾಯುತ್ತಿದ್ದವರು ಕಿವಿ ಮುಚ್ಚಿಕೊಂಡು ತಿರುಗಿ ನೋಡಿದರು.

"ಟಾಪಿಗೆ ಹಾಕೇ" ಎಂದ ಅಪ್ಪ. ಅವಳು ಲಿವರನ್ನು ಬಿಗಿಯಾಗಿ ಹಿಡಿದಳು. "ಎಲ್ಲರೂ ನೋಡ್ತಿದ್ದಾರೆ. ಮಗಳೇ, ದಮ್ಮಯ್ಯ, ಟಾಪಿಗೆ ಹಾಕು" ಎಂದು ಗೇರ್ ಲಿವರಿನ ಮೇಲಿದ್ದ ಅವಳ ಕೈ ಮೇಲೆ ಕೈಯಿಟ್ಟು ಎಳೆಯಲು ನೋಡಿದ. ತಣ್ಣಗಿನ, ಬೆವೆತ ಕೈ. ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈ. ಅದನ್ನು ಅವಳು ಎತ್ತಿ ಅವನ ತೊಡೆಯ ಮೇಲೆ ಇಟ್ಟಳು. ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮನೆಯ ಬಾಗಿಲು ಬರುವವರೆಗೂ ಕಾರು ಮೂರನೇ ಗೇರಿನಲ್ಲೇ ಇತ್ತು.